ಊರು ಬಾಯಿ ಮುಚ್ಚಿದಾಗ

ಅರಸನ ಆಜ್ಞೆಗೆ ಅಂಜದ ಮನುಷ್ಯನೂ ನೆರೆಮನೆಯ ಜಗಲಿಯಲ್ಲಿ ಕುಳಿತವರ ನೋಟಕ್ಕೆ ಅಂಜುತ್ತಾನೆ. "ನಾಲ್ಕು ಜನ ಏನೆಂದಾರು?" ಎಂಬ ಮಾತನ್ನು ಕೇಳದೆ ನಮ್ಮಲ್ಲಿ ಯಾವ ಮಗುವೂ ಬೆಳೆದಿಲ್ಲ. ಆ ನಾಲ್ಕು ಜನ ಯಾರು, ಅವರ ಮನೆ ಯಾವ ಕೇರಿಯಲ್ಲಿದೆ, ಅವರಿಗೆ ಈ ಅಧಿಕಾರವನ್ನು ಕೊಟ್ಟವರಾರು ಎಂದು ಕೇಳಿದರೆ ಉತ್ತರ ಹೇಳುವವರಿಲ್ಲ. ಅವರಿಗೆ ಕಚೇರಿಯಿಲ್ಲ, ಮೊಹರಿಲ್ಲ, ಜವಾನನಿಲ್ಲ; ಆದರೂ ಅವರ ತೀರ್ಪು ಊರಿನ ಕೊನೆಯ ಮನೆಯವರೆಗೂ ನಡೆಯುತ್ತದೆ. ಮದುವೆಯ ಚಪ್ಪರಕ್ಕೆ ಬರಬೇಕಾದವರೂ ಅವರೇ, ಕೊನೆಗೆ ಚಟ್ಟಕ್ಕೆ ಹೆಗಲು ಕೊಡಬೇಕಾದವರೂ ಅವರೇ. "ನಾಳೆ ಹೊರಲು ನಾಲ್ಕು ಜನ ಬೇಡವೆ?" ಎಂದು ಹಿರಿಯರು ಗದರಿಸುವಾಗ ಆ ಒಂದು ಮಾತಿನಲ್ಲಿ ಇಡೀ ದಂಡಸಂಹಿತೆಯೇ ಅಡಗಿರುತ್ತದೆ.

ಸಂಘದ ಈ ಸ್ಮರಣ ಸಂಚಿಕೆಗೆ ಚರಿತ್ರೆಯ ವಿಷಯವಾಗಿ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಅವರು ಬೇಕಲದ ಕೋಟೆಯನ್ನೋ ಕುಂಬಳೆಯ ಅರಸರನ್ನೋ ನಿರೀಕ್ಷಿಸಿದ್ದಿರಬೇಕು. ಕೋಟೆಗಳ ಚರಿತ್ರೆಯನ್ನು ಬರೆಯುವವರು ಬಹಳ ಮಂದಿ ಇದ್ದಾರೆ. ಕಲ್ಲಿಲ್ಲದ, ಸುಣ್ಣವಿಲ್ಲದ, ಆದರೆ ಯಾವ ಫಿರಂಗಿಗೂ ಬೀಳದ ಈ ಇನ್ನೊಂದು ಕೋಟೆಯ ವಿಚಾರವನ್ನು ಸ್ವಲ್ಪ ಹೇಳೋಣವೆಂದು ನಾವು ಹೊರಟಿದ್ದೇವೆ. ಇದಕ್ಕೆ ಒಂದು ನೆಪವೂ ದೊರೆಯಿತು. ನಾವು ದಿನನಿತ್ಯ ಪತ್ರಿಕೆಗಳಲ್ಲಿ ಓದುವ, ಶಾಲೆಯ ಹುಡುಗರೂ ಕೂಡ ಅರ್ಥ ತಿಳಿದು ಬಳಸುವ 'ಬಾಯ್ಕಾಟ್' ಎಂಬ ಶಬ್ದವು ಮೂಲತಃ ಶಬ್ದವೇ ಅಲ್ಲ. ಅದು ಒಬ್ಬ ಮನುಷ್ಯನ ಹೆಸರು. ಆ ಹೆಸರು ಹೇಗೆ ಕ್ರಿಯಾಪದವಾಯಿತೆಂಬ ಕಥೆಯಲ್ಲಿ ನಮ್ಮ ವಿಷಯವೆಲ್ಲ ಇದೆ.

ಜನಸಾಮಾನ್ಯರು ತಮ್ಮ ಅಸಮ್ಮತಿಯನ್ನು ತೋರಿಸುವ ಬಗೆ ಎರಡು: ಗದ್ದಲವೊಂದು, ಮೌನವೊಂದು. ಯುರೋಪಿನ ಹಳ್ಳಿಗಳಲ್ಲಿ ಗದ್ದಲದ ಬಗೆಯು ಶತಮಾನಗಳ ಕಾಲ ಬಳಕೆಯಲ್ಲಿತ್ತು. ಹೆಂಡತಿಯನ್ನು ಹೊಡೆಯುವವನ, ಹದಿಹರೆಯದ ಹುಡುಗಿಯನ್ನು ಕಟ್ಟಿಕೊಂಡ ಮುದುಕನ, ಪರಸ್ತ್ರೀಯ ಸಂಗ ಮಾಡಿದವನ ಮನೆಯ ಕಿಟಕಿಯ ಕೆಳಗೆ ರಾತ್ರಿ ಊರವರು ಸೇರಿ ಬಾಣಲೆ, ತಪ್ಪಲೆ, ಕೊಂಬು, ಕಬ್ಬಿಣದ ಸಲಾಕೆಗಳನ್ನು ಬಡಿದು ಕರ್ಕಶ ನಾದವನ್ನೆಬ್ಬಿಸುತ್ತಿದ್ದರು. ಫ್ರಾನ್ಸಿನಲ್ಲಿ ಇದಕ್ಕೆ 'ಶಾರಿವಾರಿ' ಎಂದು ಹೆಸರು. ಇಂಗ್ಲೆಂಡಿನಲ್ಲಿ ಇದನ್ನು ಒರಟು ಸಂಗೀತವೆಂದು ಕರೆಯುತ್ತಿದ್ದರು. ಕೆಲವೆಡೆ ಅಪರಾಧಿಯ ಗೊಂಬೆಯನ್ನು ಕತ್ತೆಯ ಮೇಲೇರಿಸಿ ಮೆರವಣಿಗೆ ಮಾಡುವುದೂ ಉಂಟು. ತಲೆ ಬೋಳಿಸಿ ಕತ್ತೆಯ ಮೇಲೆ ಕೂರಿಸಿ ಊರು ಸುತ್ತಿಸುವ ಶಿಕ್ಷೆಯನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಟಾಮಸ್ ಹಾರ್ಡಿಯು 1886ರಲ್ಲಿ ಪ್ರಕಟವಾದ ತನ್ನ ಕಾದಂಬರಿಯೊಂದರಲ್ಲಿ ಇಂತಹ ಮೆರವಣಿಗೆಯನ್ನು ಚಿತ್ರಿಸಿದ್ದಾನೆ. ತನ್ನ ಗೊಂಬೆಯನ್ನು ಬೀದಿಯಲ್ಲಿ ಕಂಡ ಹೆಂಗಸು ಆ ಆಘಾತದಿಂದಲೇ ಸಾಯುತ್ತಾಳೆ. ನಗೆಗೆಂದು ಹೊರಟ ಊರು ಹೆಣವನ್ನು ಹೊತ್ತು ಮರಳಬಹುದೆಂಬುದನ್ನು ಹಾರ್ಡಿ ಬಲ್ಲವನಾಗಿದ್ದ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಮೌನದ ಬಗೆಯೇ ಬೇರೆ. ಅದಕ್ಕೆ ಬಾಣಲೆಯೂ ಬೇಡ, ಕತ್ತೆಯೂ ಬೇಡ. ಅದರ ಅತ್ಯಂತ ಪ್ರಸಿದ್ಧ ಪ್ರಯೋಗ ನಡೆದದ್ದು ಐರ್ಲೆಂಡಿನ ಪಶ್ಚಿಮ ಭಾಗದ ಮೇಯೋ ಎಂಬ ಬಡ ಜಿಲ್ಲೆಯಲ್ಲಿ, 1880ರ ಶರತ್ಕಾಲದಲ್ಲಿ.

ಐರ್ಲೆಂಡಿನ ಅಂದಿನ ರೈತನ ಸ್ಥಿತಿಯನ್ನು ತಿಳಿಯಲು ನಮ್ಮ ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯ ವಾಚಕರಿಗೆ ಒಂದೇ ಮಾತು ಸಾಕು: ಅವರೆಲ್ಲ ಹೆಚ್ಚಾಗಿ ಚಾಲಗೇಣಿಯ ಒಕ್ಕಲುಗಳು. ಮೂಲಗೇಣಿಯ ನೆಮ್ಮದಿ ಅಲ್ಲಿ ಬಹುಮಂದಿಗಿರಲಿಲ್ಲ. ಧಣಿಗೆ ಮನಸ್ಸು ಬಂದಾಗ ಗೇಣಿಯನ್ನು ಏರಿಸಬಹುದು, ಕೊಡಲಾರದವನನ್ನು ಎಬ್ಬಿಸಬಹುದು. ಧಣಿಗಳಲ್ಲಿ ಅನೇಕರು ಊರಿನಲ್ಲಿರುತ್ತಲೂ ಇರಲಿಲ್ಲ. ಗೇಣಿ ವಸೂಲಿಗೆ ಏಜೆಂಟರನ್ನಿಟ್ಟು ತಾವು ದೂರದಲ್ಲಿರುತ್ತಿದ್ದರು. 1845ರಿಂದ ಮೊದಲಾದ ಆಲೂಗಡ್ಡೆಯ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಮಂದಿ ಸತ್ತು, ಅಷ್ಟೇ ಮಂದಿ ದೇಶ ಬಿಟ್ಟು ಹೋಗಿದ್ದರು. ಆ ನೆನಪು ಮಾಸುವ ಮೊದಲೇ 1879ರಲ್ಲಿ ಮತ್ತೆ ಬೆಳೆ ಕೈಕೊಟ್ಟಿತು. ಆ ವರ್ಷದ ಅಕ್ಟೋಬರಿನಲ್ಲಿ ಮೈಕೆಲ್ ಡೇವಿಟ್ ಮೊದಲಾದವರು ಸೇರಿ ಡಬ್ಲಿನ್ನಿನಲ್ಲಿ 'ಲ್ಯಾಂಡ್ ಲೀಗ್' ಎಂಬ ರೈತಸಂಘವನ್ನು ಸ್ಥಾಪಿಸಿದರು. ಪಾರ್ಲಿಮೆಂಟಿನ ಸದಸ್ಯನಾಗಿದ್ದ ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್ ಅದರ ಅಧ್ಯಕ್ಷನಾದನು.

1880ರ ಸೆಪ್ಟೆಂಬರ್ 19ರಂದು ಎನಿಸ್ ಎಂಬ ಪಟ್ಟಣದಲ್ಲಿ ಪಾರ್ನೆಲ್ ಮಾಡಿದ ಭಾಷಣವು ಚರಿತ್ರೆಯಲ್ಲಿ ನಿಂತಿದೆ. ಒಬ್ಬ ನೆರೆಯವನನ್ನು ಎಬ್ಬಿಸಿದ ಹೊಲವನ್ನು ಇನ್ನೊಬ್ಬನು ಗೇಣಿಗೆ ಹಿಡಿದರೆ ಅವನನ್ನು ಏನು ಮಾಡಬೇಕೆಂದು ಆತ ಸಭೆಯನ್ನು ಕೇಳಿದನು. ಗುಂಡಿಕ್ಕಬೇಕೆಂದು ಜನರ ನಡುವಿನಿಂದ ಕೂಗು ಬಂದಿತು. ಅದಕ್ಕಿಂತಲೂ ಉತ್ತಮವಾದ, ತಪ್ಪಿತಸ್ಥನು ತಿದ್ದಿಕೊಳ್ಳಲು ಅವಕಾಶವುಳ್ಳ ದಾರಿಯೊಂದಿದೆ ಎಂದು ಪಾರ್ನೆಲ್ ಹೇಳಿದನು. ದಾರಿಯಲ್ಲಿ ಎದುರಾದಾಗ, ಪೇಟೆಯ ಬೀದಿಯಲ್ಲಿ, ಅಂಗಡಿಯ ಕಟ್ಟೆಯಲ್ಲಿ, ಸಂತೆಯಲ್ಲಿ, ದೇವರ ಮನೆಯಲ್ಲಿ ಕೂಡ ಅವನನ್ನು ಒಂಟಿಯಾಗಿ ಬಿಟ್ಟುಬಿಡಬೇಕು. ಹಿಂದಿನ ಕಾಲದಲ್ಲಿ ಕುಷ್ಠರೋಗಿಯನ್ನು ಹೇಗೆ ದೂರವಿಟ್ಟರೋ ಹಾಗೆ ಇಡಬೇಕು ಎಂಬುದು ಆ ಉಪದೇಶದ ಸಾರಾಂಶ. ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆತ ಹೇಳಿದ್ದು ಧಣಿಗಳ ವಿಷಯವನ್ನಲ್ಲ, ರೈತರಲ್ಲೇ ಸ್ವಾರ್ಥಕ್ಕೆ ಬಲಿಬಿದ್ದವನ ವಿಷಯವನ್ನು. ಜನರು ಅದನ್ನು ತಮ್ಮದೇ ರೀತಿಯಲ್ಲಿ ತಿದ್ದಿಕೊಂಡರು. ನಾಯಕನು ಕೊಟ್ಟ ಆಯುಧವನ್ನು ಜನರು ಯಾವ ಕಡೆಗೆ ತಿರುಗಿಸುತ್ತಾರೆಂಬುದನ್ನು ನಾಯಕನೂ ಹೇಳಲಾರ.

ಭಾಷಣವಾಗಿ ಮೂರೇ ದಿನಗಳಲ್ಲಿ ಅದು ತಿರುಗಿದ್ದು ಕ್ಯಾಪ್ಟನ್ ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ ಎಂಬವನ ಕಡೆಗೆ. ಈತ 1832ರಲ್ಲಿ ಇಂಗ್ಲೆಂಡಿನ ನಾರ್ಫಕ್ ಪ್ರಾಂತದಲ್ಲಿ ಹುಟ್ಟಿದವನು. ಸ್ವಲ್ಪ ಕಾಲ ಸೈನ್ಯದಲ್ಲಿದ್ದು, ಐರ್ಲೆಂಡಿಗೆ ಬಂದು ಬೇಸಾಯಗಾರನಾಗಿ, ಲಾರ್ಡ್ ಅರ್ನ್ ಎಂಬ ದೊಡ್ಡ ಧಣಿಯ ಏಜೆಂಟನಾಗಿ ಲಾಕ್ ಮಾಸ್ಕ್ ಎಂಬ ಸರೋವರದ ದಡದ ಮನೆಯಲ್ಲಿ ನೆಲೆಸಿದ್ದನು. ಅವನು ರಾಕ್ಷಸನಾಗಿರಲಿಲ್ಲ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಸಣ್ಣ ಸಣ್ಣ ವಿಷಯಗಳಲ್ಲಿ ಕಟುವಾಗಿದ್ದವನು: ಗೇಟು ತೆರೆದಿಟ್ಟರೆ ದಂಡ, ಒಕ್ಕಲಿನ ಕೋಳಿ ತನ್ನ ಹೊಲಕ್ಕೆ ಕಾಲಿಟ್ಟರೆ ದಂಡ. ದೊಡ್ಡ ಅನ್ಯಾಯವನ್ನು ಮರೆಯುವ ಊರು ಕೋಳಿಯ ದಂಡವನ್ನು ಮರೆಯುವುದಿಲ್ಲ.

ಆ ವರ್ಷ ಲಾರ್ಡ್ ಅರ್ನ್ ಗೇಣಿಯಲ್ಲಿ ಶೇಕಡ 10ನ್ನು ಬಿಡಲು ಒಪ್ಪಿದನು. ಒಕ್ಕಲುಗಳು ಶೇಕಡ 25ನ್ನು ಕೇಳಿದರು. ಧಣಿ ಒಪ್ಪಲಿಲ್ಲ. ಸೆಪ್ಟೆಂಬರ್ 22ರಂದು ಕೋರ್ಟಿನ ಅಮೀನನು ಹದಿನೇಳು ಮಂದಿ ಪೋಲೀಸರ ಕಾವಲಿನಲ್ಲಿ ಒಕ್ಕಲೆಬ್ಬಿಸುವ ನೋಟೀಸುಗಳನ್ನು ಜಾರಿ ಮಾಡಲು ಹೊರಟನು. ಮೂರು ಮನೆಗಳಿಗೆ ನೋಟೀಸು ಕೊಡುವಷ್ಟರಲ್ಲಿ ಸುದ್ದಿ ಹಬ್ಬಿತು. ಆಗ ಅವನನ್ನು ತಡೆದವರು ಗಂಡಸರಲ್ಲ, ಹೆಂಗಸರು. ಕಲ್ಲು, ಕೆಸರು, ಸಗಣಿಗಳ ಮಳೆಯಲ್ಲಿ ಅಮೀನನು ಬಾಯ್ಕಾಟನ ಮನೆಗೆ ಓಡಿ ಬಂದು ಸೇರಿಕೊಂಡನು. ಮರುದಿನ ಜನರ ಗುಂಪೊಂದು ಆ ಮನೆಗೆ ಬಂದು ಆಳುಗಳನ್ನು ಕೆಲಸ ಬಿಡಬೇಕೆಂದು ಕೇಳಿತು. ಆಳುಗಳು ಬಿಟ್ಟರು.

ಅಲ್ಲಿಂದ ಮುಂದೆ ಮೌನ. ಹೊಲದ ಕೂಲಿಗಳಿಲ್ಲ, ಕುದುರೆ ನೋಡುವವನಿಲ್ಲ, ಅಡಿಗೆಯವರಿಲ್ಲ. ಕಮ್ಮಾರನು ಲಾಳ ಹೊಡೆಯಲಾರೆನೆಂದನು. ಅಗಸಗಿತ್ತಿ ಬಟ್ಟೆ ಒಗೆಯಲಾರೆನೆಂದಳು. ಟಪ್ಪಾಲು ತರುತ್ತಿದ್ದ ಹುಡುಗನು ಬರುವುದನ್ನು ನಿಲ್ಲಿಸಿದನು. ಸಮೀಪದ ಬ್ಯಾಲಿನ್‌ರೋಬ್ ಪೇಟೆಯ ಅಂಗಡಿಗಳಲ್ಲಿ ಆ ಮನೆಗೆ ಸಾಮಾನು ಸಿಕ್ಕದಾಯಿತು. ಹೊಲದಲ್ಲಿ ಗೆಡ್ಡೆ, ಧಾನ್ಯ, ಆಲೂಗಡ್ಡೆಗಳು ಬೆಳೆದು ನಿಂತಿದ್ದವು, ಕೀಳುವ ಕೈಗಳಿರಲಿಲ್ಲ. ಕ್ಯಾಪ್ಟನ್ನನೂ ಅವನ ಹೆಂಡತಿಯೂ ನೆಂಟರೂ ತಾವೇ ದನಗಳಿಗೆ ಹುಲ್ಲು ಹಾಕಿ, ತಾವೇ ಅಡಿಗೆ ಮಾಡಿಕೊಳ್ಳಬೇಕಾಯಿತು. ಅಕ್ಟೋಬರಿನಲ್ಲಿ ಅವನು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದ ಕಾಗದವು ಪ್ರಕಟವಾದಾಗ ಇಂಗ್ಲೆಂಡೆಲ್ಲ ಅವನ ಗೋಳನ್ನು ಓದಿ ಕಳವಳಗೊಂಡಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಮುಚ್ಚಿಡಬಾರದು. ಕಮ್ಮಾರನೂ ಅಗಸಗಿತ್ತಿಯೂ ಟಪ್ಪಾಲಿನ ಹುಡುಗನೂ ಎಲ್ಲರೂ ಮನಸಾರೆ ದೂರ ಸರಿದರೆಂದು ಹೇಳಲಾಗದು. ಅವರಿಗೂ ಎಚ್ಚರಿಕೆಯ ಮಾತುಗಳು ಬಂದಿದ್ದವು. ಕ್ಯಾಪ್ಟನ್ನನಿಗೆ ಲಾಳ ಹೊಡೆದ ಕಮ್ಮಾರನಿಗೆ ನಾಳೆ ಊರಿನ ಬೇರೆ ಯಾವ ಕುದುರೆಯೂ ಬಾರದು. ಹೀಗೆ ಪ್ರತಿಯೊಬ್ಬನೂ ಇನ್ನೊಬ್ಬನ ಭಯದಿಂದ ಒಂದು ಕಡೆಗೂ, ತನ್ನ ಮನಸ್ಸಾಕ್ಷಿಯಿಂದ ಒಂದು ಕಡೆಗೂ ಎಳೆಯಲ್ಪಟ್ಟಾಗ ಯಾವುದು ಒಪ್ಪಿಗೆ, ಯಾವುದು ಬಲವಂತ ಎಂದು ವಿಂಗಡಿಸುವುದು ಸುಲಭವಲ್ಲ. ಊರಿನ ಒಗ್ಗಟ್ಟನ್ನು ಹೊಗಳುವ ಇತಿಹಾಸಕಾರರು ಈ ಸ್ಥಳದಲ್ಲಿ ಬೇಗ ಬೇಗ ಪುಟ ತಿರುವುವುದನ್ನು ನಾವು ಕಂಡಿದ್ದೇವೆ.

ಬೆಳೆಯನ್ನು ಉಳಿಸಲು ಉತ್ತರದ ಪ್ರಾಟೆಸ್ಟಂಟರು ನಿಧಿಯನ್ನು ಕೂಡಿಸಿ ಆಳುಗಳ ತಂಡವನ್ನು ಕಳುಹಿಸಲು ಸಿದ್ಧರಾದರು. ನೂರಾರು ಮಂದಿ ಹೊರಟರೆ ಯುದ್ಧವೇ ಆದೀತೆಂದು ಸರಕಾರವು ಐವತ್ತು ಮಂದಿಗೆ ಮಾತ್ರ ಒಪ್ಪಿಗೆ ಕೊಟ್ಟಿತು. ಕ್ಯಾವನ್, ಮೋನಹನ್ ಪ್ರಾಂತಗಳ ಈ ಐವತ್ತು ಮಂದಿಯ ರಕ್ಷಣೆಗೆ ಸುಮಾರು ಸಾವಿರ ಸಿಪಾಯಿಗಳು ಮತ್ತು ಪೋಲೀಸರು! ಕ್ಲೇರ್‌ಮಾರಿಸ್ ರೈಲು ನಿಲ್ದಾಣದಿಂದ ಬ್ಯಾಲಿನ್‌ರೋಬಿನವರೆಗೆ ಗಾಡಿಯನ್ನು ಕೊಡುವವರಿಲ್ಲದೆ ಮಳೆಯಲ್ಲಿ ನಡೆದೇ ಬಂದು ನವೆಂಬರ್ 12ರಂದು ಲಾಕ್ ಮಾಸ್ಕ್ ಮನೆಯನ್ನು ಸೇರಿದರು. ಸ್ಥಳೀಯ ಪಾದ್ರಿ ಜಾನ್ ಓಮ್ಯಾಲಿ ಎಂಬವರು ಜನರಿಗೆ ಶಾಂತರಾಗಿರಬೇಕೆಂದು ಬಿಗಿಯಾಗಿ ಹೇಳಿದ್ದರು. ಜನರು ಶಾಂತರಾಗಿಯೇ ಇದ್ದರು. ಹೊಡೆದಾಟಕ್ಕೆ ಸಿದ್ಧವಾಗಿ ಬಂದ ಸೈನ್ಯಕ್ಕೆ ಹೊಡೆಯಲು ಯಾರೂ ಸಿಕ್ಕಲಿಲ್ಲ. ಎರಡು ವಾರ ಬಿರುಗಾಳಿ ಮಳೆಗಳಲ್ಲಿ ಆ ಐವತ್ತು ಮಂದಿ ಗೆಡ್ಡೆ ಕಿತ್ತರು, ಧಾನ್ಯ ಒಕ್ಕಿದರು. ಸಿಪಾಯಿಗಳ ಡೇರೆ, ಬೂಟು, ಕುದುರೆಗಳಿಂದ ಕ್ಯಾಪ್ಟನ್ನನ ತೋಟ ಹಾಳಾಯಿತು. ಕೆಲವು ನೂರು ಪೌಂಡು ಬೆಲೆಯ ಬೆಳೆಯನ್ನು ಉಳಿಸಲು ಆದ ವೆಚ್ಚ ಸುಮಾರು 10,000 ಪೌಂಡು ಎಂದು ಅಂದಿನ ಅಂದಾಜು.

ನವೆಂಬರ್ 27ರಂದು ಬಾಯ್ಕಾಟನು ಸಂಸಾರ ಸಮೇತ ಆ ಮನೆಯನ್ನು ಬಿಟ್ಟನು. ಅವನ ಗಾಡಿಯನ್ನು ಹೊಡೆಯಲು ಆಗಲೂ ಒಬ್ಬನು ಮುಂದೆ ಬರಲಿಲ್ಲ. ಸೈನ್ಯದ ಆಂಬುಲೆನ್ಸ್ ಬಂಡಿಯಲ್ಲಿ ಹೋಗಬೇಕಾಯಿತು. ಡಬ್ಲಿನ್ನಿನ ಹೋಟೆಲಿನಲ್ಲೂ ಅವನಿಗೆ ಹೆಚ್ಚು ದಿನ ನಿಲ್ಲಲಾಗಲಿಲ್ಲ. ಹೋಟೆಲಿನವನಿಗೂ ಬೆದರಿಕೆಯ ಕಾಗದ ಬಂದಿತ್ತು. ಡಿಸೆಂಬರ್ 1ರಂದು ಅವನು ಇಂಗ್ಲೆಂಡಿಗೆ ಹಡಗು ಹತ್ತಿದನು.

ಅಷ್ಟರಲ್ಲಿ ಅವನ ಹೆಸರು ಅವನಿಗಿಂತ ಮುಂದೆ ಹೋಗಿಯಾಗಿತ್ತು. ಜೇಮ್ಸ್ ರೆಡ್‌ಪಾತ್ ಎಂಬ ಅಮೆರಿಕದ ಪತ್ರಿಕೋದ್ಯೋಗಿಯು ಪಾದ್ರಿ ಓಮ್ಯಾಲಿಯವರೊಡನೆ ಊಟಕ್ಕೆ ಕುಳಿತಿದ್ದಾಗ, ಈ ಬಹಿಷ್ಕಾರಕ್ಕೆ ಏನೆಂದು ಹೆಸರಿಡೋಣವೆಂದು ಮಾತು ಬಂದಿತಂತೆ. ಪ್ರಾಚೀನ ಅಥೆನ್ಸಿನಲ್ಲಿ ಜನರು ಹೆಂಚಿನ ಚೂರಿನ ಮೇಲೆ ಹೆಸರು ಗೀಚಿ, ಅನಪೇಕ್ಷಿತನಾದ ಪ್ರಮುಖನನ್ನು ಹತ್ತು ವರ್ಷ ಊರು ಬಿಡಿಸುತ್ತಿದ್ದರು. ಆ ಗ್ರೀಕ್ ಪದದಿಂದ ಬಂದ ಇಂಗ್ಲಿಷ್ ಶಬ್ದವೊಂದಿತ್ತು. ಆದರೆ ಅದು ರೈತರ ನಾಲಗೆಗೆ ಹತ್ತದೆಂದು ಪಾದ್ರಿಗಳು ತಲೆಯಾಡಿಸಿ, ಕ್ಯಾಪ್ಟನ್ನನ ಹೆಸರನ್ನೇ ಕ್ರಿಯಾಪದವಾಗಿ ಬಳಸೋಣವೆಂದರು. ಪಂಡಿತರ ಗ್ರೀಕಿಗೆ ಬದಲಾಗಿ ಒಕ್ಕಲುಗಳ ಬಾಯಿಗೆ ಸಲ್ಲುವ ಮಾತು ಗೆದ್ದದ್ದು ಭಾಷಾಪ್ರೇಮಿಗಳಾದ ನಮಗೆ ಹಿತವಾದ ಸಂಗತಿ. ಕೆಲವೇ ವಾರಗಳಲ್ಲಿ ಅದು ಲಂಡನ್ನಿನ ಪತ್ರಿಕೆಗಳಿಗೆ ಬಂದಿತು. ಕೆಲವೇ ವರ್ಷಗಳಲ್ಲಿ ಫ್ರೆಂಚ್, ಜರ್ಮನ್ ಭಾಷೆಗಳಿಗೂ ಹೋಯಿತು. ಗ್ಲ್ಯಾಡ್‌ಸ್ಟನ್ನನ ಸರಕಾರವು 1881ರಲ್ಲಿ ಒಂದು ಕೈಯಲ್ಲಿ ದಮನದ ಕಾಯಿದೆಯನ್ನೂ ಇನ್ನೊಂದು ಕೈಯಲ್ಲಿ ನ್ಯಾಯವಾದ ಗೇಣಿಯನ್ನು ಗೊತ್ತುಪಡಿಸುವ ಭೂಕಾಯಿದೆಯನ್ನೂ ತಂದಿತು. ಬಾಯ್ಕಾಟನು ಮುಂದೆ ಇಂಗ್ಲೆಂಡಿನ ಸಫಕ್ ಪ್ರಾಂತದಲ್ಲಿ ಇನ್ನೊಬ್ಬ ಧಣಿಯ ಏಜೆಂಟನಾಗಿ 1897ರಲ್ಲಿ ತೀರಿಕೊಂಡನು.

ಈ ಜಯದ ಗುಟ್ಟೇನು? ದೊಡ್ಡ ಮನುಷ್ಯನೆಂದರೆ ಹೆಚ್ಚು ಕೈಗಳ ಹಂಗಿನಲ್ಲಿರುವವನು. ಬಡವನು ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುತ್ತಾನೆ, ತನ್ನ ಗದ್ದೆಯನ್ನು ತಾನೇ ಕೊಯ್ಯುತ್ತಾನೆ. ಸಾವಿರ ಎಕರೆಯವನು ಅದನ್ನು ಮಾಡಲಾರ. ಕೊಡುವ ಕೈಯೇ ಮೇಲೆಂದು ಅವನು ನಂಬಿರುತ್ತಾನೆ. ದುಡಿಯುವ ಕೈ ಹಿಂದಕ್ಕೆ ಸರಿದಾಗ ಮಾತ್ರ ಲೆಕ್ಕ ತಿಳಿಯುತ್ತದೆ.

ನಮ್ಮ ದೇಶಕ್ಕೆ ಈ ಆಯುಧ ಹೊಸದಲ್ಲ, ಹೆಸರು ಮಾತ್ರ ಹೊಸದು. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲಿನಲ್ಲಿ ವಂಗಭಂಗವನ್ನು ಪ್ರತಿಭಟಿಸಿ ಪರದೇಶದ ವಸ್ತುಗಳ ಬಹಿಷ್ಕಾರವನ್ನು ಸಾರಿದಾಗ ಐರ್ಲೆಂಡಿನ ಶಬ್ದವು ನಮ್ಮ ರಾಜಕಾರಣಕ್ಕೆ ಬಂದಿತು. 1928ರಲ್ಲಿ ಗುಜರಾತಿನ ಬಾರ್ಡೋಲಿಯ ರೈತರು ಶೇಕಡ 22ರ ಕಂದಾಯದ ಏರಿಕೆಯನ್ನು ವಲ್ಲಭಭಾಯಿ ಪಟೇಲರ ನೇತೃತ್ವದಲ್ಲಿ ವಿರೋಧಿಸಿದಾಗ ಅದು ಲಾಕ್ ಮಾಸ್ಕಿನ ರೂಪದಲ್ಲಿಯೇ ಕಾಣಿಸಿಕೊಂಡಿತು. ಜಪ್ತಿಯಾದ ಎಮ್ಮೆಯನ್ನೋ ಹೊಲವನ್ನೋ ಕೊಂಡವನೊಡನೆ ಊರು ಮಾತಾಡುವುದಿಲ್ಲ. ಆ ಏರಿಕೆ ವಿಚಾರಣೆಯ ಅನಂತರ ಸುಮಾರು ಶೇಕಡ 6ಕ್ಕೆ ಇಳಿಯಿತು.

ನಮ್ಮ ಉತ್ತರ ಕನ್ನಡದಲ್ಲಿ, ಅಂಕೋಲಾ ಮತ್ತು ಸಿದ್ದಾಪುರ ತಾಲೂಕುಗಳ ಕರನಿರಾಕರಣೆಯ ದಿನಗಳಲ್ಲಿ ನಡೆದದ್ದನ್ನು ಕನ್ನಡಿಗರು ಇನ್ನೂ ಹೆಚ್ಚಾಗಿ ತಿಳಿದಿರಬೇಕಿತ್ತು. ಕಂದಾಯ ಕೊಡದ ರೈತರ ಜಮೀನು, ಪಾತ್ರೆ, ದನಕರುಗಳನ್ನು ಸರಕಾರವು ಮುಟ್ಟುಗೋಲು ಹಾಕಿ ಹರಾಜಿಗಿಟ್ಟಿತು. 1932ರಲ್ಲಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ, ಅಂತಹ ಸೊತ್ತನ್ನು ಕೊಂಡವರ ಮನೆಯ ಮುಂದೆ ಹಳ್ಳಿಯ ಹೆಂಗಸರು ಬಂದು ಕುಳಿತು ಉಪವಾಸ ಮಾಡಿದರು. ಬೈಗುಳವಿಲ್ಲ, ಕಲ್ಲಿಲ್ಲ. ಬಾಗಿಲು ತೆರೆದರೆ ಅಂಗಳದಲ್ಲಿ ಅನ್ನ ಬಿಟ್ಟ ಹೆಂಗಸರು! ಅತಿಥಿ ಹಸಿದಿರುವಾಗ ಮನೆಯವರು ಉಣ್ಣಬಾರದೆಂಬ ನಮ್ಮ ಧರ್ಮವನ್ನು ಬಲ್ಲವರಿಗೆ ಆ ಮನೆಯೊಳಗೆ ತುತ್ತು ಹೇಗೆ ಇಳಿದಿರಬಹುದೆಂದು ಹೇಳಬೇಕಾಗಿಲ್ಲ. ಮೇಯೋದ ಜನರು ತಮ್ಮ ಸೇವೆಯನ್ನು ನಿಲ್ಲಿಸಿದರು. ಮಾವಿನಗುಂಡಿಯ ತಾಯಂದಿರು ತಮ್ಮ ಊಟವನ್ನೇ ನಿಲ್ಲಿಸಿದರು. ಎರಡರಲ್ಲಿ ಎರಡನೆಯದು ಹೆಚ್ಚಿನದೆಂದು ನಮ್ಮ ಅಭಿಪ್ರಾಯ. ಅದು ದೇಶಾಭಿಮಾನದಿಂದ ಆಡಿದ ಮಾತೆಂದು ಯಾರಾದರೂ ಅಂದರೆ ಆಕ್ಷೇಪವಿಲ್ಲ.

ಈ ಆಯುಧದ ಅಂಚು ಎಷ್ಟು ಹರಿತವೆಂಬುದನ್ನು ಮೊದಲು ಕಂಡವರು ಗಾಂಧೀಜಿ. ಅಸಹಕಾರದ ದಿನಗಳಲ್ಲೇ ಅವರು ಎಚ್ಚರಿಸಿದರು: ಒಬ್ಬನ ಔತಣಕ್ಕೆ ಹೋಗದಿರಬಹುದು, ಅವನಿಂದ ಉಪಕಾರವನ್ನು ಸ್ವೀಕರಿಸದಿರಬಹುದು, ಆದರೆ ಅವನಿಗೆ ಬಾವಿಯ ನೀರನ್ನಾಗಲಿ ವೈದ್ಯನ ಸಹಾಯವನ್ನಾಗಲಿ ತಪ್ಪಿಸುವುದು ಹಿಂಸೆಯೇ ಸರಿ. ಈ ಗೆರೆಯನ್ನು ಎಳೆಯುವುದು ಸುಲಭ, ಕೋಪಗೊಂಡ ಊರು ಅದರ ಈಚೆಗೆ ನಿಲ್ಲುವುದು ಕಷ್ಟ.

ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಕಾಸರಗೋಡಿನ ತೆಂಕಣದ ಕಯ್ಯೂರು ಸಾಕು. ಅಲ್ಲಿನ ರೈತರು ಜನ್ಮಿಗಳ ವಿರುದ್ಧ ಸಂಘಟಿತರಾಗಿದ್ದ 1941ರ ಮಾರ್ಚ್ 28ರಂದು, ಮೆರವಣಿಗೆಯೊಂದಕ್ಕೆ ಒಬ್ಬ ಪೋಲೀಸು ಎದುರಾದನು. ಅವನ ಮೇಲೆ ಊರವರಿಗೆ ಮೊದಲೇ ಕೋಪವಿತ್ತು. ಕೆಂಬಾವುಟವನ್ನು ಅವನ ಕೈಗೇ ಕೊಟ್ಟು ಮೆರವಣಿಗೆಯ ಮುಂದೆ ನಡೆಸಿದರು. ನಾವು ಮೇಲೆ ಹೇಳಿದ ಒರಟು ಸಂಗೀತದ, ಕತ್ತೆಯ ಮೆರವಣಿಗೆಯ ಜಾತಿಗೆ ಸೇರಿದ್ದೇ ಇದು: ಅವಮಾನವೇ ಶಿಕ್ಷೆ. ಆದರೆ ಆ ಮನುಷ್ಯನು ತಪ್ಪಿಸಿಕೊಳ್ಳಲು ಹೊಳೆಗೆ ಹಾರಿ ನೀರುಪಾಲಾದನು. ಅದರ ಬೆಲೆಯಾಗಿ 1943ರ ಮಾರ್ಚ್ 29ರಂದು ಕಣ್ಣಾನೂರಿನ ಸೆರೆಮನೆಯಲ್ಲಿ ಮಠತ್ತಿಲ್ ಅಪ್ಪು, ಕೋಯಿತಾಟಿಲ್ ಚಿರುಕಂಡನ್, ಪೊಡವರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಎಂಬ ನಾಲ್ವರು ತರುಣರು ಗಲ್ಲಿಗೇರಿದರು. ನಿರಂಜನರು 1955ರ 'ಚಿರಸ್ಮರಣೆ'ಯಲ್ಲಿ ಅವರನ್ನು ಕನ್ನಡಕ್ಕೆ ತಂದುಕೊಟ್ಟಿರುವುದರಿಂದ ಹೆಚ್ಚು ಹೇಳುವುದಿಲ್ಲ. ಅಂದು ಆ ಜನರು ಅವನನ್ನು ಕಂಡೂ ಕಾಣದಂತೆ ಹಾದುಹೋಗಿದ್ದರೆ ಎಂದು ಮಾತ್ರ ಮನಸ್ಸು ಮತ್ತೆ ಮತ್ತೆ ಕೇಳುತ್ತದೆ. ಐದು ಜೀವಗಳ ಪ್ರಶ್ನೆ ಅದು.

ಇದುವರೆಗೆ ದುರ್ಬಲರು ಪ್ರಬಲರ ಮೇಲೆ ಎತ್ತಿದ ಬಹಿಷ್ಕಾರವನ್ನು ಹೇಳಿದೆವು. ಆದರೆ ಲೆಕ್ಕ ಹಾಕಿದರೆ ನಮ್ಮ ನಾಡಿನಲ್ಲಿ ಅದು ಹೆಚ್ಚಾಗಿ ನಡೆದದ್ದು ಇನ್ನೊಂದು ದಿಕ್ಕಿನಲ್ಲಿ. ಜಾತಿಯ ಕಟ್ಟನ್ನು ಮುರಿದವನಿಗೆ ಬೆಂಕಿ ನೀರು ಬಂದ್, ಕ್ಷೌರಿಕ ಅಗಸರು ಬಂದ್, ಪುರೋಹಿತನು ಬಂದ್. ಸಮುದ್ರ ದಾಟಿದವನಿಗೆ, ವಿಧವೆಯನ್ನು ಮದುವೆಯಾದವನಿಗೆ, ಅಸ್ಪೃಶ್ಯನನ್ನು ಮುಟ್ಟಿದವನಿಗೆ ಇದೇ ಶಿಕ್ಷೆ. ಬಾಯ್ಕಾಟನ ರಕ್ಷಣೆಗೆ ಸಾವಿರ ಸಿಪಾಯಿಗಳು ಬಂದರು. ಇವರ ರಕ್ಷಣೆಗೆ ಒಬ್ಬ ಜವಾನನೂ ಬಂದಿಲ್ಲ. ಸೊಲ್ಲಾಪುರ, ಜತ್ತಗಳ ನಮ್ಮ ಬಾಂಧವರು ಅಂದು ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1949ರಲ್ಲಿ ಬಹಿಷ್ಕಾರವನ್ನು ನಿಷೇಧಿಸುವ ಕಾಯಿದೆ ಬಂದಿತು. ಆದರೆ ಧಾರ್ಮಿಕ ಪಂಗಡಗಳ ಹಕ್ಕಿಗೆ ಧಕ್ಕೆಯೆಂದು ಸುಪ್ರೀಂ ಕೋರ್ಟು 1962ರಲ್ಲಿ ಅದನ್ನು ತೆಗೆದುಹಾಕಿತು. ಮಹಾರಾಷ್ಟ್ರವು 2016ರಲ್ಲಿ ಬೇರೊಂದು ಕಾಯಿದೆಯನ್ನು ಅಂಗೀಕರಿಸಿ, ಸಾಮಾಜಿಕ ಬಹಿಷ್ಕಾರಕ್ಕೆ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಎಂದು ಗೊತ್ತುಮಾಡಿತು. ಇಷ್ಟು ವರ್ಷಗಳ ಮೇಲೂ ಇಂತಹ ಕಾಯಿದೆ ಬೇಕಾಯಿತೆಂಬುದೇ ಒಂದು ಸಾಕ್ಷ್ಯ. ನಾಲ್ಕು ಜನ ಮಾತು ಬಿಟ್ಟರೆ ಅಮೀನನು ಯಾರ ಮೇಲೆ ನೋಟೀಸು ಜಾರಿ ಮಾಡುವನೋ ನೋಡಬೇಕು.

ಈ ಇನ್ನೊಂದು ದಿಕ್ಕಿನ ಕಥೆಗೆ ನಮ್ಮ ಊರಿನವರೇ ಒಬ್ಬರಿದ್ದಾರೆ. ಕುದ್ಮುಲ್ ರಂಗರಾಯರು 1859ರ ಜೂನ್ 29ರಂದು ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಹೊಟ್ಟೆಪಾಡಿಗಾಗಿ ಮಂಗಳೂರಿಗೆ ಹೋಗಿ, ಅಧ್ಯಾಪಕರಾಗಿ, ಆಮೇಲೆ ವಕೀಲರಾದರು. 1870ರಲ್ಲಿ ಅಲ್ಲಿ ನೆಲೆಯೂರಿದ್ದ ಬ್ರಾಹ್ಮಸಮಾಜದ ಪ್ರಭಾವ ಅವರ ಮೇಲೆ ಬಿದ್ದಿತು. 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದರು. 1897ರಲ್ಲಿ ಮಂಗಳೂರಿನ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿದರು. ದಲಿತೋದ್ಧಾರವು ರಾಷ್ಟ್ರದ ಕಾರ್ಯಕ್ರಮವಾಗುವ ಕಾಲಕ್ಕೆ ಇಪ್ಪತ್ತು ವರ್ಷಗಳ ಹಿಂದಿನ ಮಾತು ಇದು.

ಊರು ಸುಮ್ಮನಿರಲಿಲ್ಲ, ಅಥವಾ, ಸುಮ್ಮನಾಯಿತು ಎನ್ನಬೇಕು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಬೀದಿಯಲ್ಲ, ಬಂಧುಗಳ ಮನೆಯ ಬಾಗಿಲೇ ಮುಚ್ಚಿತು. ಒಳ್ಳೆಯ ವಕೀಲನಾದ, ನಡತೆಯಲ್ಲಿ ಕಲೆಯಿಲ್ಲದ ಮನುಷ್ಯನು ಹೊಲೆಯರ ಮಗುವನ್ನು ಹಲಗೆಯ ಮುಂದೆ ಕೂರಿಸಿದನೆಂಬುದೇ ಅಪರಾಧ. ಬಾಯ್ಕಾಟನ ಮೇಲೆ ಊರಿಗೆ ಗೇಣಿಯ ಸಿಟ್ಟಿತ್ತು, ಕೋಳಿಯ ದಂಡದ ಸಿಟ್ಟಿತ್ತು. ರಂಗರಾಯರು ಯಾರ ಕೋಳಿಯನ್ನೂ ಹಿಡಿದಿರಲಿಲ್ಲ. ಆದರೂ ಇಬ್ಬರ ಮೇಲೆ ಬಿದ್ದ ಆಯುಧ ಒಂದೇ. ಎರಡೂ ಕಡೆಯಲ್ಲಿ ಬೀಸಿದವರು ತಾವು ಧರ್ಮದ ಪಕ್ಷದವರೆಂದೇ ನಂಬಿದ್ದರು. ಒಂದೇ ವ್ಯತ್ಯಾಸ: ಕ್ಯಾಪ್ಟನ್ನನು ಹತ್ತು ವಾರಗಳಲ್ಲಿ ಊರು ಬಿಟ್ಟನು. ರಂಗರಾಯರು ಮೂವತ್ತಕ್ಕೂ ಹೆಚ್ಚು ವರ್ಷ ಬಿಡಲಿಲ್ಲ.

ಅವರು ಶಾಲೆಗಳನ್ನು ಹೆಚ್ಚಿಸಿದರು. ಮಕ್ಕಳು ಹಸಿವಿನಿಂದ ಶಾಲೆ ಬಿಡದಂತೆ ಊಟದ ಏರ್ಪಾಡು ಮಾಡಿದರು. ನೆಲೆಯಿಲ್ಲದವರಿಗೆ ನಿವೇಶನ ಕೊಡಿಸಿದರು. ಮಗಳು ರಾಧಾಬಾಯಿಯನ್ನು ಜಾತಿಯ ಹೊರಗೆ, ಕುಮಾರಮಂಗಲದ ಜಮೀನ್ದಾರರೂ ಮುಂದೆ ಮದರಾಸು ಪ್ರಾಂತದ ಮುಖ್ಯಮಂತ್ರಿಗಳೂ ಆದ ಪಿ. ಸುಬ್ಬರಾಯನ್ ಅವರಿಗೆ ಕೊಟ್ಟರು. ಸೇನಾಧಿಪತಿ ಜನರಲ್ ಕುಮಾರಮಂಗಲಂ, ಕೇಂದ್ರ ಸಚಿವ ಮೋಹನ ಕುಮಾರಮಂಗಲಂ ಇವರ ಮೊಮ್ಮಕ್ಕಳು. ಊರವರು ಹೋಗದ ಮನೆಗೆ ದೇಶದವರು ಬಂದರು ಎನ್ನಬಹುದು. ಗಾಂಧೀಜಿಯವರೂ 1934ರಲ್ಲಿ ಮಂಗಳೂರಿಗೆ ಬಂದಾಗ ಅವರ ಸಂಸ್ಥೆಯನ್ನು ನೋಡಿದರು. ಆಗ ರಂಗರಾಯರು ಇರಲಿಲ್ಲ. ತಮ್ಮ ಶಾಲೆಯಲ್ಲಿ ಕಲಿತ ಹುಡುಗನೊಬ್ಬನು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಅದರ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ಜನ್ಮ ಸಾರ್ಥಕವೆಂಬ ಅವರ ಆಸೆಯನ್ನು ಮಂಗಳೂರಿನ ಅವರ ಸಮಾಧಿಯಲ್ಲಿ ಬರೆದಿರಿಸಿದ್ದಾರೆ.

ಅವರು ತೀರಿಕೊಂಡದ್ದು 1928ರ ಜನವರಿ 30ರಂದು. ಬಹಿಷ್ಕಾರದ ಕೊನೆಯ ಬೆದರಿಕೆ ಚಟ್ಟದ್ದು ಎಂದು ಆರಂಭದಲ್ಲಿ ಹೇಳಿದೆವು. ರಂಗರಾಯರು ಅದಕ್ಕೂ ಮೊದಲೇ ವ್ಯವಸ್ಥೆ ಮಾಡಿದ್ದರು. ತಮ್ಮ ಅಂತ್ಯಕ್ರಿಯೆಯನ್ನು ಜಾತಿಯವರಲ್ಲ, ತಾವು ಯಾರಿಗಾಗಿ ಬದುಕಿದರೋ ಆ ಜನರೇ ನಡೆಸಬೇಕೆಂದು ತಿಳಿಸಿದ್ದರು. ಹಾಗೆಯೇ ನಡೆಯಿತು. ಊರಿನವರು ಮುಟ್ಟಲೊಲ್ಲದ ಹೆಗಲುಗಳ ಮೇಲೆ ಅವರು ಹೋದರು.